ಅಪ್‌ಡೇಟ್: ‘ದಟ್ ಲೇಡಿ’ಯಲ್ಲಿ ಕೇಳುವುದು ಗಿಟಾರೇ

ಅಮೆರಿಕದ ಗಾಯಕ ಸಹೋದರರ ತಂಡ ಐಸ್ಲಿ ಬ್ರದರ್ಸ್‌ನ 1973ರ ಆಲ್ಬಮ್ ‘ತ್ರೀ ಪ್ಲಸ್ ತ್ರೀ’ಯ ಮೊದಲ ಹಾಡು ‘ದಟ್ ಲೇಡಿ’ಯಲ್ಲಿ, ಗಾಯನದ ಜೊತೆಜೊತೆಗೇ ಹರಿಯುವ ಆ ಝೇಂಕಾರ ಗಿಟಾರಿನದೋ ಸಿಂಥಸೈಜರಿನದೋ (ವಿದ್ಯುನ್ಮಾನದಿಂದ ನಾದ ಹುಟ್ಟಿಸುವ ವಾದ್ಯ) ಎಂದು ಈ ಹಿಂದೆ ನಿಮ್ಮನ್ನು ಕೇಳಿದ್ದೆ. ಅದು ಗಿಟಾರ್. ತಂಡದ ಕಿರಿಯ ಸಹೋದರರಲ್ಲೊಬ್ಬರಾದ ಅರ್ನಿ ಐಸ್ಲಿ, ನಾದವನ್ನು ಒರಟಾಗಿಸುವ ಫಜ್ ಮತ್ತು ಅದಕ್ಕೆ ಸುಳಿಯುವ ಅಲೆಯ ಗುಣ ಕೊಡುವ ಫೇಸ್ ಶಿಫ್ಟರ್ ಪೆಡಲ್‌ಗಳ ಮೂಲಕ ನುಡಿಸಿದ್ದು.

ಹಾಡನ್ನು ನಿಧಾನಗತಿಯಲ್ಲಿ ಕೇಳಿ ಎಂದು ನಿಮ್ಮಲ್ಲಿ ಬಂದ ಸಲಹೆ ಫಲಿಸಲಿಲ್ಲ, ನಾದವೇ ಕಲಸಿಹೋಯಿತು. ಇದೇ ತಂಡ 1964ರಲ್ಲಿ ಹಾಡಿದ್ದ ಮೂಲ ಆವೃತ್ತಿಯನ್ನು ಪಕ್ಕದಲ್ಲಿಟ್ಟು ಕೇಳಿ ಎಂದವರಿಗೆ ಮನಸಾರೆ ಧನ್ಯವಾದಗಳು. ಅದರಲ್ಲಿ ಈ ನಾದದ ಸುಳಿವೇ ಇಲ್ಲ! ಆ ಬಳಿಕ ಹೆಡ್‌ಫೋನ್ ಹಾಕಿಕೊಂಡು 1973ರದನ್ನು ಕೇಳಿದರೆ, ವೀಣೆಯಲ್ಲಿ ತಂತಿ ಎಳೆದು ಗಮಕ ತೆಗೆದ ಹಾಗೆ ಸ್ವರ ಮೇಲೇರುವ ಜಾಗಗಳು ಸ್ಪಷ್ಟವಾಗಿ ಕಿವಿಗೆ ಬೀಳುತ್ತವೆ.

ಸಿಂಥಸೈಜರ್ ಎಂದವರ ಊಹೆಗೂ ಆಧಾರವಿತ್ತು. ಅಮೆರಿಕದ ಗಾಯಕ ಸ್ಟೀವಿ ವಂಡರ್ ಅವರ ಸಿಂಥಸೈಜರ್ ನಾದವನ್ನು ರೂಪಿಸಿದ ಮಾಲ್ಕಮ್ ಸೆಸಿಲ್, ರಾಬರ್ಟ್ ಮಾರ್ಗೊಲೆಫ್ ಅವರೇ ಈ ಆಲ್ಬಮ್ಮಿಗೂ ಧ್ವನಿಮುದ್ರಣದ ಎಂಜಿನಿಯರ್‌ಗಳು.

ನನ್ನನ್ನು ಬೆರಗುಗೊಳಿಸಿದ್ದು ಬೇರೆ ಸಂಗತಿ: ಅರ್ನಿ ಇನ್ನೂ ಹುಡುಗನಾಗಿದ್ದಾಗ ಮುಂದೆ ರಾಕ್ ಗಿಟಾರಿನ ದಂತಕಥೆಯಾದ ಜಿಮಿ ಹೆಂಡ್ರಿಕ್ಸ್ ಈ ತಂಡದ ಗಿಟಾರ್ ವಾದಕರಾಗಿ ಐಸ್ಲಿಗಳ ಮನೆಯಲ್ಲೇ ಉಳಿದಿದ್ದರು. ಸೋಲ್ (ಆಫ್ರಿಕನ್-ಅಮೆರಿಕನ್ನರ ಭಾವಪೂರ್ಣ ಗಾಯನ ಶೈಲಿ) ಗಾಯನದೊಳಗೆ ರಾಕ್ ಗಿಟಾರ್ ಇಷ್ಟು ಸಹಜವಾಗಿ ಬೆರೆತದ್ದಕ್ಕೆ ಅದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಇನ್ನೂ ಅನುಮಾನವಿದ್ದವರು ಇದೇ ಆಲ್ಬಮ್ಮಿನ ‘ಸಮ್ಮರ್ ಬ್ರೀಜ್’ ಹಾಡಿನ ಕೊನೆಯ ಭಾಗವನ್ನು ಕೇಳಿ. ಅಲ್ಲಿ ಆ ಗಿಟಾರ್ ಇನ್ನೂ ಬಿಡಿಯಾಗಿ ಕೇಳಿಸುತ್ತದೆ.