45,000ಕ್ಕೆ ಗ್ರಾಫಿಕ್ಸ್ ಕಾರ್ಡು, ಮಾನಿಟರ್ ಎರಡೂ ಆಗಬೇಕು: ತಗೊಂಡವರು ಅನುಭವ ಹೇಳಿ

ಕಲಬುರಗಿ ಹೊಸ ಪಿಸಿ:
ಎಲ್ಲರಿಗೂ ನಮಸ್ಕಾರ. ರೈಜೆನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡು, 16 ಜಿಬಿ ರ‍್ಯಾಮ್, 550 ವ್ಯಾಟ್ ಪವರ್ ಸಪ್ಲೈ ತಗೊಂಡಾಯ್ತು. ಕೈಯಲ್ಲಿ 45,000 ಉಳಿದಿದೆ. ಹೊಸ ಆರ್‌ಟಿಎಕ್ಸ್ 5060 ಕಾರ್ಡಿನ ಜೊತೆ 24 ಇಂಚಿನ 1080ಪಿ (ಪರದೆಯಲ್ಲಿ 1080 ಸಾಲು ಪಿಕ್ಸೆಲ್ ಚುಕ್ಕೆ) ಮಾನಿಟರ್ ತಗೊಳ್ಳಲಾ, ಇಲ್ಲ ಕಾರ್ಡು ಸೆಕೆಂಡ್ ಹ್ಯಾಂಡ್ ನೋಡಿ 27 ಇಂಚಿನ 1440ಪಿಗೆ ಹೋಗಲಾ? ಬಿ450ಗೆ 5060 ಹಾಕಿದರೆ ತೊಂದರೆ ಇದೆಯಾ? ಆಡೋದು ಜಾಸ್ತಿ ವ್ಯಾಲರಂಟ್ ಅನ್ನೋ ಶೂಟಿಂಗ್ ಗೇಮ್.

ಜೇವರ್ಗಿ ರೋಡ್:
ತಮ್ಮಾ, ಮೊದಲು ಮಾನಿಟರ್ ತಗೋ. 2021ರ ಜೂನ್‌ನಲ್ಲಿ ನಾನು 3060 ಕಾರ್ಡಿಗೆ 56,000 ಕೊಟ್ಟೆ. ಆಗ ಕಾರ್ಡು ಸಿಗೋದೇ ಕಷ್ಟ, ಬಂದವೆಲ್ಲ ಮೈನಿಂಗ್ (ಕಾರ್ಡು ಓಡಿಸಿ ಕ್ರಿಪ್ಟೊ ನಾಣ್ಯ ಗಳಿಸೋದು) ಮಾಡೋರ ಪಾಲಾಗುತ್ತಿದ್ದವು. ತೊಗರಿ ಮಾರಿದ ದುಡ್ಡಲ್ಲಿ ಅಪ್ಪ 40,000 ಕೊಟ್ಟರು, ಉಳಿದ 16,000 ನಾನು ಎಂಟು ತಿಂಗಳು ಕೂಡಿಟ್ಟದ್ದು. ಮಾನಿಟರ್‌ಗೆ ಒಂದು ರೂಪಾಯಿ ಉಳಿಯಲಿಲ್ಲ. ಅಂಗಡಿಯ ಬಿಲ್ಲಿಂಗ್‌ಗೆ ಇಟ್ಟಿದ್ದ ಹಳೇ 19 ಇಂಚಿನದು ತಂದೆ. ಅದಕ್ಕೆ ಬರೀ ವಿಜಿಎ (ಹಳೇ ಕಾಲದ ಕೇಬಲ್ ಪೋರ್ಟು), ಕಾರ್ಡಲ್ಲಿ ವಿಜಿಎ ಇಲ್ಲವೇ ಇಲ್ಲ. 350 ಕೊಟ್ಟು ಕನ್ವರ್ಟರ್ ತಂದರೆ ಅದು ಕಾದು ಹದಿನೈದು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗೋದು. ಮತ್ತೆ 600ರದ್ದು ತಂದೆ. ಅಷ್ಟು ದುಬಾರಿ ಕಾರ್ಡು ಒಂದೂವರೆ ವರ್ಷ 60 ಹರ್ಟ್ಸ್‌ನ (ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಾಗೋ) ಮಂಕು ಪರದೆಗೆ ದುಡಿಯಿತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಮ್ ಅನ್ನೋ ಕ್ರಿಪ್ಟೊ ನಾಣ್ಯದ ಮೈನಿಂಗ್ ನಿಂತಿತು. ಆಮೇಲೆ ಅದೇ ಕಾರ್ಡು ನಾನು ಕೊಟ್ಟದ್ದರ ಅರ್ಧಕ್ಕಿಂತ ಕಮ್ಮಿಗೆ ನನ್ನ ಕಣ್ಣ ಮುಂದೆಯೇ ಮಾರಾಟವಾಯ್ತು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಬೀದರ್ ಭಾಯಿ:
ಸೆಕೆಂಡ್ ಹ್ಯಾಂಡ್ ಅಂದ ತಕ್ಷಣ ಹೆದರಬೇಡಿ. ನಾನು 2023ರಲ್ಲಿ ಬೆಳಗಿನ ಬಸ್ಸು ಹಿಡಿದು ಕಂಪ್ಯೂಟರ್ ಸಾಮಾನು ಸಿಗೋ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋದೆ. ಆರ್‌ಎಕ್ಸ್ 6600 ಕಾರ್ಡು, 13,500 ರೂಪಾಯಿ. ಬಸ್ಸು, ಊಟ ಸೇರಿ ಇನ್ನೊಂದು 700. ತಗೊಳ್ಳೋ ಮುಂಚೆ ಅಲ್ಲೇ ಕಾರ್ಡಿಗೆ ಪೂರ್ತಿ ಭಾರ ಹಾಕೋ ಫರ್ಮಾರ್ಕ್ ಪ್ರೋಗ್ರಾಮ್ ಹಾಕಿಸಿ ಅರ್ಧ ಗಂಟೆ ನಿಂತೆ, 74 ಡಿಗ್ರಿ ದಾಟಲಿಲ್ಲ. ಫ್ಯಾನಿನ ರೆಕ್ಕೆಗೆ ಬೆರಳಿಟ್ಟು ಅಲುಗಾಡಿಸಿ ನೋಡಿದೆ, ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದಿಲ್ಲವಾ ಅಂತ ಮೊಬೈಲ್ ಟಾರ್ಚ್ ಹಾಕಿ ನೋಡಿದೆ. 132 ವ್ಯಾಟ್ ಕಾರ್ಡು, ನನ್ನ ಹಳೇ 450 ವ್ಯಾಟ್ ಸಪ್ಲೈನೇ ಸಾಕಾಯ್ತು. ಉಳಿದ ದುಡ್ಡಲ್ಲಿ 165 ಹರ್ಟ್ಸ್ ಐಪಿಎಸ್ ಅನ್ನೋ ಬಗೆಯ ಪರದೆಯ ಮಾನಿಟರ್ ಬಂತು. ಇವತ್ತಿನ ತನಕ ಒಂದು ದಿನ ಕೈಕೊಟ್ಟಿಲ್ಲ.

ಶಹಾಪುರದವ:
ಭಾಯಿ, ಇಂಥ ಸಲಹೆ ಕೊಟ್ಟು ಹುಡುಗರ ದುಡ್ಡು ಹಾಳು ಮಾಡಬೇಡಿ. ನಾನೂ ಸೆಕೆಂಡ್ ಹ್ಯಾಂಡ್ 3060 ತಗೊಂಡೆ, 17,000. ಮೂರು ತಿಂಗಳಿಗೆ ಪರದೆ ತುಂಬಾ ಹಸಿರು ಗೆರೆ. ಬಿಚ್ಚಿಸಿದರೆ ಶಾಖ ಎಳೆಯೋ ಥರ್ಮಲ್ ಪ್ಯಾಡಿನಿಂದ ಎಣ್ಣೆ ಸೋರಿ ಮೆಮೊರಿ ಚಿಪ್ಪಿನ ಸುತ್ತ ಅಂಟಂಟು. ರಿಪೇರಿಗೆ 4,500. ಇಪ್ಪತ್ತು ದಿನ ನಡೆದು ಸತ್ತೇ ಹೋಯ್ತು. ಸೀರಿಯಲ್ ನಂಬರ್ ಕೆರೆದು ಹಾಕಿದ್ದರು, ವಾರಂಟಿ ಕೇಳೋಕೂ ಬಾಯಿಲ್ಲ. 21,500 ನೀರಲ್ಲಿ ಹೋಯ್ತು.

ಬೀದರ್ ಭಾಯಿ:
ಸೀರಿಯಲ್ ನಂಬರ್ ಕೆರೆದಿದ್ದು ದುಡ್ಡು ಕೊಡೋ ಮುಂಚೆ ಕಾಣಲಿಲ್ವಾ? ನೀವು ನೋಡದೆ ತಗೊಂಡಿರಿ, ಅದಕ್ಕೆ ನನ್ನ ಮೇಲೆ ಯಾಕೆ ಸಿಟ್ಟು?

ಶಹಾಪುರದವ:
ಎಲ್ಲರಿಗೂ ಸಿಕಂದರಾಬಾದ್ ತನಕ ಹೋಗಿ ಅರ್ಧ ಗಂಟೆ ನಿಲ್ಲೋಕೆ ಆಗಲ್ಲ. ಕಾರ್ಡು ಕೊರಿಯರ್‌ನಲ್ಲಿ ಬಂತು. ನಿಮಗೆ ಒಳ್ಳೇದು ಸಿಕ್ಕಿತು ಅಂತ ಎಲ್ಲರಿಗೂ ಸಿಗುತ್ತಾ?

ಎಡಿಟಿಂಗ್ ಅಕ್ಕ:
ಇಬ್ಬರೂ ಕಾರ್ಡಿಗೇ ಜಗಳ ಆಡ್ತಿದ್ದೀರಿ. ನನ್ನ ಕಣ್ಣು ಕೆಡಿಸಿದ್ದು ಮಾನಿಟರ್. ಮದುವೆ ವಿಡಿಯೋ ಎಡಿಟ್ ಮಾಡ್ತೀನಿ, ರಾತ್ರಿ ತಮ್ಮ ಆಡ್ತಾನೆ. ದೊಡ್ಡದು ಅಂತ 27 ಇಂಚು 1080ಪಿ ತಗೊಂಡೆ, 12,800. ಅಕ್ಷರದ ಅಂಚೆಲ್ಲ ಒರಟು. ಅಷ್ಟು ಅಗಲಕ್ಕೆ ಇಂಚಿಗೆ 82 ಪಿಕ್ಸೆಲ್ ಅಷ್ಟೇ, 24 ಇಂಚಿನಲ್ಲಾದರೆ 92 ಬರುತ್ತೆ. ಪರದೆ ವಿಎ ಅನ್ನೋ ಬಗೆಯ ಪ್ಯಾನಲ್ ಬೇರೆ, ಕತ್ತಲೆ ದೃಶ್ಯದಲ್ಲಿ ಏನಾದರೂ ಓಡಿದರೆ ಹಿಂದೆ ಮಸಿ ಎಳೆದ ಹಾಗೆ. 144 ಹರ್ಟ್ಸ್‌ಗೆ ಅಂತ ದುಡ್ಡು ಕೊಟ್ಟು ಐದು ತಿಂಗಳು 60ರಲ್ಲೇ ಓಡಿಸಿದ್ದೇವೆ. ವಿಂಡೋಸ್ ಸೆಟ್ಟಿಂಗ್ ಒಳಗೆ ಹೋಗಿ ನಾವೇ ಬದಲಿಸಬೇಕು ಅಂತ ಅಂಗಡಿಯವರು ಒಂದು ಮಾತು ಹೇಳಲಿಲ್ಲ.

ಜೇವರ್ಗಿ ರೋಡ್:
ಅಕ್ಕಾ, ಹಾಗಾದರೆ 1440ಪಿ ತಗೊಳ್ಳಲಿ ಬಿಡಿ.

ಎಡಿಟಿಂಗ್ ಅಕ್ಕ:
ಸುಮ್ನೆ ಹೇಳಬೇಡಿ. 1440ಪಿ ಅಂದರೆ 1080ಪಿಗಿಂತ ಪಿಕ್ಸೆಲ್ 1.78 ಪಟ್ಟು. 5060, 6600ನಂಥ 8 ಜಿಬಿ ಮೆಮೊರಿ ಕಾರ್ಡು ಹೊಸ ದೊಡ್ಡ ಆಟಗಳಲ್ಲಿ ಈಗಲೇ ತಿಣುಕುತ್ತೆ. ಆ ಭಾರ ಎಳೆಯೋದು ಯಾರು?

ಶಹಾಬಾದ್ ಫರ್ಸಿ:
ನಮ್ಮ ಕಡೆ ಕರೆಂಟಿನ ಬಗ್ಗೆ ಯಾರೂ ಹೇಳಲೇ ಇಲ್ಲ. ಮೇ ತಿಂಗಳು, ಹೊರಗೆ 43 ಡಿಗ್ರಿ, ವೋಲ್ಟೇಜ್ ಕುಣಿಯುತ್ತಿತ್ತು. ನನ್ನದು 600 ವಿಎ ಯುಪಿಎಸ್. ಅದು ಕೊಡೋದು 360 ವ್ಯಾಟ್ ಮಾತ್ರ. ಆಟ ಜೋರಾದಾಗ ಲೈಟ್ ಹೋದರೆ ಕೀಂಯ್ ಅಂತ ಕೂಗಿ ಪಿಸಿನೂ ಆಫ್. ಹೀಗೆ ಎಂಟು ಹತ್ತು ಸಲ ಆದಮೇಲೆ ಎಸ್‌ಎಸ್‌ಡಿ ಹೋಯ್ತು, 3,900. ಮನೆ ಪಕ್ಕ ಕಲ್ಲು ಕೊಯ್ಯೋ ಮಶೀನಿದೆ. ತಿಂಗಳಿಗೊಮ್ಮೆ ಕಾರ್ಡು ತೆಗೆದರೆ ಫ್ಯಾನಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಬ್ಲೋವರ್ ಹೊಡೆಯುವಾಗ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ, ಬಿಟ್ಟರೆ ವಿಪರೀತ ಸುತ್ತಿ ಬೇರಿಂಗ್ ಹೋಗುತ್ತೆ. 45,000ದಲ್ಲಿ 5,000 ಯುಪಿಎಸ್‌ಗೆ ತೆಗೆದಿಡು.

ಜೇವರ್ಗಿ ರೋಡ್:
ಮನೆ ಇನ್ವರ್ಟರ್ ಇದ್ದರೆ ಯುಪಿಎಸ್ ಯಾಕೆ? ನನ್ನದು ನಾಲ್ಕು ವರ್ಷದಿಂದ ನಡೀತಿದೆ.

ಶಹಾಬಾದ್ ಫರ್ಸಿ:
ನಿಮ್ಮದರ ಹಿಂದಿನ ಸ್ವಿಚ್ಚು ಯುಪಿಎಸ್ ಮೋಡ್‌ನಲ್ಲಿರಬೇಕು, ಅದಕ್ಕೇ ನಡೀತಿದೆ. ಇನ್ನೊಂದು ಮೋಡ್‌ನಲ್ಲಿ ಕರೆಂಟಿನಿಂದ ಬ್ಯಾಟರಿಗೆ ಬದಲಾಗೋದು ನಿಧಾನ, ಫ್ಯಾನು ಲೈಟಿಗೆ ಗೊತ್ತಾಗಲ್ಲ, ಪಿಸಿ ಮಾತ್ರ ರೀಸ್ಟಾರ್ಟ್ ಆಗುತ್ತೆ. ಗೊತ್ತಿಲ್ಲದೆ ಹೇಳಿದರೆ ಇನ್ನೊಬ್ಬರ ಎಸ್‌ಎಸ್‌ಡಿ ಹೋಗುತ್ತೆ.

ಕಲಬುರಗಿ ಹೊಸ ಪಿಸಿ:
ಅಣ್ಣಾ, ಬಿ450ಗೆ 5060 ನಡೆಯುತ್ತಾ ಅಂತ ಕೇಳಿದ್ದೆ.

ಬೀದರ್ ಭಾಯಿ:
ನಡೆಯುತ್ತೆ ತಮ್ಮಾ. ಆ ಕಾರ್ಡಿಗೆ ಬೋರ್ಡಿನ ಜೊತೆ ಮಾಹಿತಿ ಸಾಗೋ ದಾರಿ (ಲೇನು) ಎಂಟೇ, ನಿನ್ನ ಬೋರ್ಡಿನ ಸ್ಲಾಟು ಹಳೇ, ನಿಧಾನದ ಪಿಸಿಐಇ 3.0. ಕೆಲವು ಆಟಗಳಲ್ಲಿ ಸ್ವಲ್ಪ ಇಳಿಯುತ್ತೆ, ವ್ಯಾಲರಂಟ್‌ಗೆ ಏನೂ ಆಗಲ್ಲ. ಆದರೂ ಬರೋ ಶನಿವಾರ ನಾನು ಸಿಕಂದರಾಬಾದ್‌ಗೆ ಹೊರಟಿದ್ದೇನೆ. ಹೇಳಿದರೆ ಒಂದು 6600 ನೋಡಿಕೊಂಡು ಬರ್ತೀನಿ.

ಶಹಾಪುರದವ:
ಬೇಡ ತಮ್ಮಾ. ಬಿಲ್ಲು ಇಲ್ಲದೆ ಒಂದು ಕೇಬಲ್ ಕೂಡ ತಗೋಬೇಡ.