ಹಳ್ಳದ ಪಂಪಿನ ಮಿಸ್ಡ್ ಕಾಲ್ ಕಂಟ್ರೋಲರ್: 2ಜಿ ಹೋದರೆ ಮುಂದೇನು?

ತೋಟದಂಚು:
ಶಿರಸಿ ಸೀಮೆಯ ಅಡಿಕೆ ತೋಟ. ಹಳ್ಳದ ಬದಿಗೆ 5 ಎಚ್‌ಪಿ ಮೂರು ಫೇಸ್ ಮೋಟಾರು, ಮನೆ ಮೇಲೆ ಗುಡ್ಡದಲ್ಲಿ, ನೇರ ಅಳೆದರೆ 600 ಮೀಟರ್. ಸ್ಟಾರ್ಟರಿಗಿರುವುದು ಹಳೆ ಮಿಸ್ಡ್ ಕಾಲ್ ಕಂಟ್ರೋಲರ್, ಅಂದರೆ ಒಳಗಿನ ಸಿಮ್ಮಿಗೆ ಮಿಸ್ಡ್ ಕಾಲ್ ಕೊಟ್ಟರೆ ಪಂಪು ಚಾಲೂ ಆಗುವ ಪೆಟ್ಟಿಗೆ. ಕೆಳಗೆ 2ಜಿ ಸಿಗ್ನಲ್ ಬರಬರುತ್ತ ಕಮ್ಮಿ, ಬೇರೆ ಸಿಮ್ ಹಾಕಿದರೆ ಹಿಡಿಯುವುದೇ ಇಲ್ಲ. 4ಜಿ ಕಂಟ್ರೋಲರ್ ತರುವುದೋ, ಲೋರಾ (ಸಿಮ್ ಬೇಡದ, ದೂರಕ್ಕೆ ಚಿಕ್ಕ ಸಂದೇಶ ಕಳಿಸುವ ರೇಡಿಯೋ) ಹಾಕುವುದೋ? ಮನೆಗೆ ಫೈಬರ್ ಬಂದಿದೆ.

ಬೇಣದಬುಡ:
ಹಳೆ ಕಂಟ್ರೋಲರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಮ್800 ಥರದ 2ಜಿ ಮಾಡ್ಯೂಲ್. 2016ರಲ್ಲಿ ಶುರುವಾದ ಜಿಯೋದಲ್ಲಿ 2ಜಿ ಮೊದಲಿನಿಂದಲೂ ಇಲ್ಲ, ಆ ಸಿಮ್ ಹಾಕಿದರೆ ಹಿಡಿಯದು. 4ಜಿ ತರುವ ಮುಂಚೆ ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ವೋಲ್ಟಿ (VoLTE, 4ಜಿ ಮೇಲೇ ಕರೆ ಸಾಗಿಸುವ ವ್ಯವಸ್ಥೆ) ಇದೆಯೋ? 4ಜಿಯಲ್ಲಿ ಕರೆ ಬರಬೇಕಾದರೆ ಅದು ಬೇಕೇ ಬೇಕು. ಬರೀ ಡೇಟಾ ಮಾಡ್ಯೂಲ್ ಇದ್ದರೆ ಮಿಸ್ಡ್ ಕಾಲ್ ಅದರ ಕಿವಿಗೇ ಬೀಳದು. ಮತ್ತೆ, ಪಂಪ್‌ಹೌಸಿನಲ್ಲಿ ನಿಂತು ಫೋನನ್ನು 4ಜಿಗಷ್ಟೇ ಕಟ್ಟಿ ಹಾಕಿ ನೋಡಿ. ಸಿಗ್ನಲ್ ಬಲ −110 ಡಿಬಿಎಮ್‌ಗಿಂತ ಕೆಳಗಿದ್ದರೆ ದುಡ್ಡು ದಂಡ.

ಹೊಳೆಸಾಲು:
ಮೋಟಾರು 15–20 ವರ್ಷ ಬಾಳುತ್ತದೆ, ಅದನ್ನು ಮೊಬೈಲ್ ಕಂಪನಿಯ ತಲೆಮಾರಿಗೆ ಕಟ್ಟುವುದೇಕೆ? ಇಂಟರ್ನೆಟ್ ಮನೆತನಕ ಸಾಕು, ಅಲ್ಲಿಂದ ಹಳ್ಳಕ್ಕೆ ಲೋರಾ.

ನಮ್ಮಲ್ಲಿ ಲೈಸೆನ್ಸ್ ಬೇಡದ ಬ್ಯಾಂಡ್ 865–868 ಮೆಗಾಹರ್ಟ್ಸ್. ಆನ್‌ಲೈನಿನಲ್ಲಿ 433ರದ್ದು, 915ರದ್ದು ಎಲ್ಲಾ ಬರುತ್ತವೆ, ನೋಡಿ ತಗೊಳ್ಳಿ. ಕಾಲು ತರಂಗದ ಆಂಟೆನಾ 8.6 ಸೆಂಟಿಮೀಟರ್. ಆಂಟೆನಾ ಸಿಗಿಸದೆ ಕರೆಂಟ್ ಕೊಟ್ಟರೆ ಮಾಡ್ಯೂಲ್ ಸುಡುವ ಸಂಭವ ಉಂಟು.

ತೊಂದರೆ ಕೊಡುವುದು ದೂರವಲ್ಲ, ಹಸಿ ಸೋಗೆ. ಲೋರಾದಲ್ಲಿ ಎಸ್‌ಎಫ್ ಅಂತ ಒಂದು ಅಂಕೆ ಇದೆ: ಏರಿಸಿದಷ್ಟೂ ಸಂದೇಶ ನಿಧಾನ, ಆದರೆ ಸಿಗ್ನಲ್ ಕಮ್ಮಿ ಇದ್ದರೂ ಮುಟ್ಟುತ್ತದೆ. ಒಣ ದಿನ ಎಸ್‌ಎಫ್7ರಲ್ಲಿ ಓಡಿದ್ದು ಮಳೆಯಲ್ಲಿ ನಿಲ್ಲಬಹುದು. ಆಗ ಎಸ್‌ಎಫ್10ಕ್ಕೆ ಏರಿಸಿ. 12ಕ್ಕೆ ಏರಿಸಿದರೆ 10 ಬೈಟಿನ ಸಂದೇಶಕ್ಕೇ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಲೋರಾ ಪೆಟ್ಟಿಗೆಯನ್ನೇ ತೋಟದಂಚಿನ ಕಂಬಕ್ಕೆ, ಮನೆಗೆ ಕಾಣುವ ಹಾಗೆ ಏರಿಸಿ. ಕೆಳಗಿಟ್ಟು ಆರ್‌ಜಿ58 ಆಂಟೆನಾ ಕೇಬಲ್ 10 ಮೀಟರ್ ಎಳೆದರೆ ಶಕ್ತಿಯ ಮೂರರಲ್ಲಿ ಎರಡು ಪಾಲು ಕೇಬಲ್ಲೇ ನುಂಗುತ್ತದೆ. ವೈರಿನ ಗ್ಲ್ಯಾಂಡ್ (ವೈರು ಒಳಹೋಗುವ ಬಿರಡೆ) ಪೆಟ್ಟಿಗೆಯ ತಳದಲ್ಲೇ ಇರಲಿ, ಬಿಗಿಯಾಗಿ. ಇಲ್ಲವಾದರೆ ಮೊದಲು ಇರುವೆ, ಆಮೇಲೆ ಹಲ್ಲಿ.

ಮನೆಯಲ್ಲಿ ಇಎಸ್‌ಪಿ32 ಎಂಬ ವೈಫೈ ಇರುವ ಚಿಕ್ಕ ಬೋರ್ಡ್ ಒಂದು, ಲೋರಾಕ್ಕೂ ಇಂಟರ್ನೆಟ್ಟಿಗೂ ನಡುವೆ. ಊರ ಹೊರಗಿಂದ ಚಾಲೂ ಮಾಡಲು ಪೋರ್ಟ್ ಫಾರ್ವರ್ಡ್ (ಹೊರಗಿಂದ ಬಂದ ಸಂಪರ್ಕವನ್ನು ರೌಟರು ಒಳಗಿನ ಸಾಧನಕ್ಕೆ ಬಿಡುವುದು) ನಂಬಬೇಡಿ. ಏಷ್ಯಾ-ಪೆಸಿಫಿಕ್ ಪಾಲಿನ ಐಪಿವಿ4 (ಇಂಟರ್ನೆಟ್ಟಿನ ಹಳೆ ಮಾದರಿಯ) ವಿಳಾಸ 2011ರ ಏಪ್ರಿಲ್‌ನಲ್ಲೇ ಕೊನೆಯ ಕಂತಿಗೆ ಬಂತು. ಈಗ ಒಂದೇ ವಿಳಾಸದ ಹಿಂದೆ ಎಷ್ಟೋ ಮನೆಗಳಿರುತ್ತವೆ. ರೌಟರಿನ ವ್ಯಾನ್ (ಹೊರಗಿನ ಕಡೆಯ) ವಿಳಾಸ 100.64ರಿಂದ 100.127ರೊಳಗೆ ಶುರುವಾದರೆ ನಿಮ್ಮದೂ ಹಾಗೆಯೇ. ಒಳಗಿನ ಸಾಧನವೇ ಹೊರಗಿನ ಎಮ್‌ಕ್ಯೂಟಿಟಿ (ಚಿಕ್ಕ ಸಂದೇಶ ಅತ್ತಿತ್ತ ದಾಟಿಸುವ) ಸರ್ವರನ್ನು ಹಿಡಿದುಕೊಂಡಿರಲಿ. ಫೈಬರ್ ಕಡಿದ ದಿನಕ್ಕೆ ಗೋಡೆಗೊಂದು ಸಾದಾ ಸ್ವಿಚ್ ಇರಲಿ.

ಬೇಣದಬುಡ:
ಒಪ್ಪಿದೆ. ಆದರೆ ಸಂದೇಶ ನಡುವೆ ಕಳೆದುಹೋದರೆ ಮೋಟಾರು ಓಡುತ್ತಲೇ ಇರುತ್ತದಲ್ಲ?

ಹೊಳೆಸಾಲು:
ಮನೆಯಿಂದ 2 ನಿಮಿಷಕ್ಕೊಮ್ಮೆ ‘ಓಡಲಿ’ ಎಂದು ಹೋಗಬೇಕು. ಸತತ 5 ಬಾರದಿದ್ದರೆ ಪಂಪು ತಾನೇ ನಿಲ್ಲಬೇಕು. ಅಪರೂಪಕ್ಕೆ ಸುಮ್ಮನೆ ನಿಂತೀತು, ನಿಲ್ಲಲಿ. ಹಳ್ಳ ಬತ್ತಿದಾಗ ಒಣಗಿ ಓಡುವುದಕ್ಕಿಂತ ವಾಸಿ. ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟಾರು ನಿಲ್ಲಿಸುವ ಸಾಧನ) ಮಾತ್ರ ತೆಗೆಯಬೇಡಿ.

ಕಾಯಿಲು:
ಇಬ್ಬರೂ ಸ್ಟಾರ್ಟರಿನ ವಿಷಯ ಬಿಟ್ಟಿರಿ. ಮೂರು ಫೇಸಿನ ಡಿಒಎಲ್ (ಮೋಟಾರಿಗೆ ನೇರ ಪೂರ್ತಿ ವೋಲ್ಟೇಜ್ ಕೊಡುವ) ಸ್ಟಾರ್ಟರಿನ ಕಾಯಿಲ್, ಅಂದರೆ ಒಳಗಿನ ಸ್ವಿಚ್ಚನ್ನು ಎಳೆದು ಹಿಡಿಯುವ ಸುರುಳಿ, ಹೆಚ್ಚಾಗಿ 415 ವೋಲ್ಟಿನದು. ಆನ್‌ಲೈನಿನ ನೀಲಿ ರಿಲೇ (ಬೋರ್ಡ್ ಹೇಳಿದಂತೆ ತೆರೆದು ಮುಚ್ಚುವ ಸ್ವಿಚ್) 250 ವೋಲ್ಟಿಗಷ್ಟೇ. ಕೆಲವು ದಿನ ನಡೆಯುತ್ತದೆ, ಆಮೇಲೆ ಕಿಡಿ ಹಾರಿ ಹಾರಿ ತುದಿ ಅಂಟಿಕೊಳ್ಳುತ್ತದೆ. ಅಲ್ಲಿಗೆ ಮನೆಯಿಂದ ಸ್ಟಾಪ್ ಒತ್ತಿದರೂ ನಿಲ್ಲದ ಮೋಟಾರು. ನ್ಯೂಟ್ರಲ್ ಇದ್ದರೆ 240ರ ಕಾಯಿಲ್ ಹಾಕಿಸಿ. ಒಂದು ರಿಲೇ ಹಸಿರು ಗುಂಡಿಗೆ ಪ್ಯಾರಲಲ್, 2 ಸೆಕೆಂಡು ಮಾತ್ರ. ಇನ್ನೊಂದು ಕೆಂಪು ಗುಂಡಿಗೆ ಸೀರೀಸ್, ಕರೆಂಟ್ ಹೋದಾಗ ತೆರೆದುಕೊಳ್ಳುವಂಥದ್ದು.

ತೋಟದಂಚು:
ನ್ಯೂಟ್ರಲ್ ಇಲ್ಲ, ಮೂರೇ ತಂತಿ.

ಕಾಯಿಲು:
ಹಾಗಾದರೆ 415/240ರ 100 ವಿಎ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್. 415ರ ಕಡೆ ಎರಡೂ ತಂತಿಗೆ ಫ್ಯೂಸ್ ಹಾಕಿ. ಅರ್ತನ್ನು ನ್ಯೂಟ್ರಲ್ ಮಾಡಿಕೊಳ್ಳುವ ಚಾಳಿ ತೋಟಗಳಲ್ಲಿದೆ, ಹಳ್ಳದ ನೀರಿನಲ್ಲಿ ಕಾಲಿಟ್ಟವರಿಗೆ ಹೊಡೆಯುತ್ತದೆ. ವೈರಿಂಗ್ ಲೈಸೆನ್ಸ್ ಇದ್ದವರಿಂದಲೇ ಮಾಡಿಸಿ.