100 ಎಚ್‌ಪಿ ಟ್ರ್ಯಾಕ್ಟರ್‌ಗೆ ಹಿಂಬದಿ ಬ್ಲೇಡ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ 100 ಎಚ್‌ಪಿ ಟ್ರ್ಯಾಕ್ಟರ್‌ಗೆ ಹಿಂದೆ ಜೋಡಿಸುವ ಹೆವಿ ಡ್ಯೂಟಿ ಬ್ಲೇಡ್ ಹುಡುಕುತ್ತಿದ್ದೇನೆ. ಜಲ್ಲಿ ರಸ್ತೆ ಸಮ ಮಾಡುವುದು, ಪಕ್ಕದ ಚರಂಡಿ ತೆಗೆಯುವುದು ಮುಖ್ಯ ಕೆಲಸ. ಹಿಂದಿನ ಗಾಲಿಗಳ ಹೊರ ಅಂಚುಗಳ ನಡುವೆ ಏಳೂವರೆ ಅಡಿ ಇದೆ. 8 ಅಡಿ ಬ್ಲೇಡನ್ನು 30 ಡಿಗ್ರಿ ಓರೆ ಮಾಡಿದರೆ ಅದು ಬಳಿಯುವುದು ಸುಮಾರು 7 ಅಡಿ ಮಾತ್ರ, ಗಾಲಿ ಗುರುತು ಹಾಗೇ ಉಳಿಯುತ್ತದೆ. ಹಾಗಾಗಿ 10 ಅಡಿಯದೇ ಸರಿ ಅನಿಸುತ್ತಿದೆ. ಆದರೆ ಬ್ಲೇಡ್ ಉದ್ದವಾದಷ್ಟೂ, ತುದಿ ಬಂಡೆಗೆ ತಗುಲಿದಾಗ ಬ್ಲೇಡ್ ಓರೆಯಾಗಿ ತಿರುಗುವ ನಡುವಿನ ಪಿನ್ನಿನ ಮೇಲೆ ಬೀಳುವ ಒತ್ತಡ ಹೆಚ್ಚು. ನನ್ನ ಚಿಂತೆಯೆಲ್ಲ ಅದೇ. ಪ್ಲೇಟಿನ ದಪ್ಪಕ್ಕಿಂತ ಆ ಜಾಗದ ಗಟ್ಟಿತನ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ದೊಡ್ಡ ಟ್ರ್ಯಾಕ್ಟರ್‌ನಲ್ಲಿ ಬಳಸಿದವರು ದಯವಿಟ್ಟು ತಿಳಿಸಿ. ಎಷ್ಟು ತೂಕವಿದ್ದರೆ ಗಟ್ಟಿ ನೆಲ ಕಚ್ಚುತ್ತದೆ? ಓರೆ ಮಾಡುವುದಕ್ಕೂ ಒಂದು ಬದಿಗೆ ವಾಲಿಸುವುದಕ್ಕೂ ಹೈಡ್ರಾಲಿಕ್ ಸಿಲಿಂಡರ್ ಬೇಕೇ, ಒಂದಕ್ಕೆ ಸಾಕೇ?